ಇನ್ನಾಸಪ್ಪ ‘ನಾಳೆ’ ಬಿಟ್ಟದ್ದು

ತರೀಕೆರೆ ಬಸ್ ಸ್ಟ್ಯಾಂಡಿನಿಂದ ಪೇಟೆ ಬೀದಿಗೆ ತಿರುಗಿದರೆ ಎಡಗಡೆಗೆ ಮಲ್ಲಿಕಾರ್ಜುನಯ್ಯನವರ ಜವಳಿ ಅಂಗಡಿ. ಅದರ ಜಗಲಿಯ ಮೇಲೆ ಹದಿನೇಳು ವರ್ಷದಿಂದ ಒಂದು ಹೊಲಿಗೆ ಮಿಷನ್ನು, ಮಿಷನ್ನಿನ ಹಿಂದೆ ಟೈಲರ್ ಇನ್ನಾಸಪ್ಪ. ಅವನ ಕೈಯ ಬಗ್ಗೆ ಊರಿನಲ್ಲಿ ಎರಡು ಮಾತಿರಲಿಲ್ಲ. ಅವನು ಹೊಲಿದ ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದ ಮೇಲೂ ಕಾಲರು ಮಾತ್ರ ನೆಟ್ಟಗೆ ನಿಂತಿರುತ್ತಿತ್ತು. ಅವನ ಬಾಯಿಯ ಬಗ್ಗೆಯೂ ಎರಡು ಮಾತಿರಲಿಲ್ಲ. ಇನ್ನಾಸಪ್ಪ “ನಾಳೆ ಬನ್ನಿ” ಅಂದರೆ ಎಂಟು ದಿನ. “ನಾಳೆ ಖಂಡಿತ” ಅಂದರೆ ಹದಿನೈದು ದಿನ. “ನಮ್ಮವ್ವನಾಣೆ, ನಾಳೆ” ಅಂದರೆ ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿಲ್ಲ ಎಂದು ಅರ್ಥ.

ಮೋಸ ಮಾಡಬೇಕೆಂಬ ಉದ್ದೇಶ ಅವನಿಗೆ ಇರಲೇ ಇಲ್ಲ. ಗಿರಾಕಿಯ ಮುಖ ಕಂಡ ಕೂಡಲೆ ಆ ಮಾತು ಕೆಮ್ಮು ಬಂದ ಹಾಗೆ ತಾನಾಗಿ ಬರುತ್ತಿತ್ತು. ಹಿಂದೆಯೇ ಕಾರಣಗಳೂ ಬರುತ್ತಿದ್ದವು. ನೂಲು ಸಿಗಲಿಲ್ಲ, ಗುಂಡಿ ದಾವಣಗೆರೆಯಿಂದ ಬರಬೇಕು, ಮಿಷನ್ನಿನ ಬೆಲ್ಟು ಕಿತ್ತುಹೋಯಿತು, ಹಾಸನದಲ್ಲಿ ಸೋದರತ್ತೆ ತೀರಿಕೊಂಡಳು. ಹಾಸನದ ಸೋದರತ್ತೆ ಆ ವೇಳೆಗೆ ನಾಲ್ಕು ಸಲ ತೀರಿಕೊಂಡಿದ್ದಳು. ನಾಲ್ಕನೆಯ ಸಲ ಪೊಲೀಸ್ ದಫೇದಾರ್ ಕಲ್ಲೇಶಪ್ಪ, “ಈ ಸಲನಾದ್ರೂ ಮಣ್ಣು ಸರಿಯಾಗಿ ಮುಚ್ಚಿದ್ರೇನಯ್ಯಾ?” ಎಂದು ವಿಚಾರಿಸಿದ್ದ.

ಹೀಗೆ ಎಲ್ಲವೂ ಒಂದು ಕ್ರಮದಲ್ಲಿ ನಡೆದುಕೊಂಡು ಹೋಗುತ್ತಿದ್ದಾಗ ೧೯೮೧ನೆಯ ಇಸವಿಯ ಬೂದಿ ಬುಧವಾರ ಬಂತು.

ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾಗುವುದು ಆ ದಿನ. ಬೆಳಿಗ್ಗೆ ಇನ್ನಾಸಪ್ಪ ಹೆಂಡತಿ ಲೂರ್ದಮ್ಮನ ಜೊತೆ ಚರ್ಚಿಗೆ ಹೋದ. ಫಾದರ್ ಎಲ್ಲರ ಹಣೆಗೂ ಬೂದಿ ಹಚ್ಚಿ, ಪ್ರಸಂಗಕ್ಕೆ ನಿಂತರು.

“ಪ್ರತಿವರ್ಷ ಮಾಂಸ ಬಿಟ್ಟೆ, ಬೀಡಿ ಬಿಟ್ಟೆ ಅಂತೀರಿ. ಈಸ್ಟರಿನ ದಿನ ಅಷ್ಟನ್ನೂ ಒಟ್ಟಿಗೆ ಮುಗಿಸ್ತೀರಿ. ಈ ಸಲ ಯಾವುದು ಇಲ್ಲದೆ ನಿಮ್ಮ ಒಂದು ದಿನವೂ ಸಾಗೋದಿಲ್ಲವೋ ಅದನ್ನ ಬಿಡಿ. ಇಲ್ಲಿ ಮಂಡಿಯೂರಿದಾಗ ಅಲ್ಲ, ನಿಮ್ಮ ಅಂಗಡೀಲಿ ಬಿಡಿ, ಆಫೀಸಲ್ಲಿ ಬಿಡಿ, ಅಡಿಗೆಮನೇಲಿ ಬಿಡಿ. ಇನ್ನೊಂದು ಮಾತು. ಬಿಟ್ಟಿದ್ದನ್ನ ಊರಿಗೆಲ್ಲ ಸಾರಿಕೊಂಡು ತಿರುಗಬೇಡಿ. ದೇವರಿಗೆ ಗೊತ್ತಿದ್ದರೆ ಸಾಕು.”

ದಾರಿಯಲ್ಲಿ ಇನ್ನಾಸಪ್ಪ ಯೋಚಿಸುತ್ತಾ ಬಂದ.

“ಮಾಂಸ ಮಾಡೋದೇ ನಮ್ಮನೇಲಿ ಹಬ್ಬಕ್ಕೆ. ಅದನ್ನ ಏನ್ ಬಿಡೋದು? ಬೀಡಿ ಬಿಡ್ಲೇನೇ?”

“ಬೀಡಿ ಇಲ್ದಿದ್ರೂ ನಿಮ್ ದಿನ ನಡಿಯತ್ತೆ ಕಣ್ರೀ,” ಅಂದಳು ಲೂರ್ದಮ್ಮ. “ನಿಮ್ಮ ಕೈಲಿ ಬಿಡಕ್ಕಾಗ್ದೇ ಇರೋದು ಒಂದೇ.”

“ಯಾವ್ದು?”

“ನಾಳೆ.”

ಇನ್ನಾಸಪ್ಪ ರಸ್ತೆಯ ಮಧ್ಯೆ ನಿಂತುಬಿಟ್ಟ. ಹಿಂದಿನಿಂದ ಬಂದ ಎತ್ತಿನ ಗಾಡಿಯವನು ಬೈದ ಮೇಲೆ ಮತ್ತೆ ನಡೆದ. ಮನೆ ಸೇರುವ ಹೊತ್ತಿಗೆ ತೀರ್ಮಾನವಾಗಿತ್ತು. ನಲವತ್ತು ದಿನ ಅಂಗಡಿಯಲ್ಲಿ ಸುಳ್ಳು ಹೇಳುವುದಿಲ್ಲ, ಯಾಕೆಂದು ಯಾರಿಗೂ ಹೇಳುವುದಿಲ್ಲ. ಭಾನುವಾರಗಳು ತಪಸ್ಸಿನ ಲೆಕ್ಕಕ್ಕಿಲ್ಲ ಎಂಬುದು ಅವನಿಗೆ ನೆನಪಾಯಿತು. ಆದರೆ ಭಾನುವಾರ ಅಂಗಡಿಯೇ ಇಲ್ಲವಾದ್ದರಿಂದ ಆ ಸವಲತ್ತಿನಿಂದ ಏನೂ ಉಪಯೋಗವಾಗಲಿಲ್ಲ.

ಅಂಗಡಿಗೆ ಬಂದಾಗ ಮಲ್ಲಿಕಾರ್ಜುನಯ್ಯನವರು ಹಣೆಯ ತುಂಬ ವಿಭೂತಿ ಧರಿಸಿ ಗಾದಿಯ ಮೇಲೆ ಕೂತಿದ್ದರು. ಇನ್ನಾಸಪ್ಪನ ಹಣೆಯ ಬೂದಿ ನೋಡಿ, “ಏನಯ್ಯಾ, ನಮ್ ಕಡೆಗೇ ಬಂದ್ಬಿಟ್ಯಾ? ಬಂದ್ರೆ ಮೂರು ಗೆರೆ ಹಾಕ್ಬೇಕು ಕಣೋ,” ಅಂದರು. ಇದು ಅವರು ಪ್ರತಿವರ್ಷ ಹೇಳುವ ಮಾತು. ಇನ್ನಾಸಪ್ಪ ಪ್ರತಿವರ್ಷದಂತೆ ನಕ್ಕ. ಆ ಜಗಲಿಯ ಮೇಲೆ ಇಬ್ಬರೂ ಒಟ್ಟಿಗೆ ನಕ್ಕದ್ದು ಸುಮಾರು ದಿನದ ಮಟ್ಟಿಗೆ ಅದೇ ಕೊನೆ.

ಮೊದಲು ಬಂದವರು ಪ್ರೈಮರಿ ಸ್ಕೂಲಿನ ವಿಮಲಮ್ಮ ಟೀಚರು.

“ನನ್ನ ಬ್ಲೌಸು ಆಯ್ತೇನಪ್ಪಾ?”

‘ನಾಳೆ’ ಎಂಬ ಪದ ಇನ್ನಾಸಪ್ಪನ ಗಂಟಲಿನವರೆಗೆ ಬಂದಿತು. ಅವನು ಎಂಜಲು ನುಂಗಿ ಅದನ್ನು ಕೆಳಗಿಳಿಸಿದ.

“ಇಲ್ಲ ಟೀಚರಮ್ಮ. ಇನ್ನೂ ಮುಟ್ಟೇ ಇಲ್ಲ. ನಿಮಗಿಂತ ಮುಂಚಿನವು ಹದಿನಾಲ್ಕು ಇದಾವೆ. ನಿಮ್ದು ಕೈಗೆ ಸಿಗೋದು ಮುಂದಿನ ತಿಂಗಳು ಎರಡನೇ ತಾರೀಕು.”

ವಿಮಲಮ್ಮ ಕೈಚೀಲವನ್ನು ಎದೆಗೆ ಅವುಚಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಅವರು ಗಣಿತದ ಟೀಚರು. ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಇನ್ನಾಸಪ್ಪನ ಒಂದು ದಿನ ಅಂದರೆ ಎಂಟು ದಿನ. ಹಾಗಾದರೆ ಇಪ್ಪತ್ತೊಂಬತ್ತು ದಿನ ಅಂದರೆ?

“ದೀಪಾವಳಿ ಬಂತಲ್ಲೋ!” ಎಂದು ಕೂಗಿ, ಬಟ್ಟೆಯ ಕಟ್ಟನ್ನು ಎಳೆದುಕೊಂಡು ಹೊರಟೇಹೋದರು.

ಸಂಜೆಯೊಳಗೆ ಇನ್ನೂ ಐದು ಜನ ಅದೇ ಲೆಕ್ಕ ಹಾಕಿ ಬಟ್ಟೆ ವಾಪಸು ತೆಗೆದುಕೊಂಡು ಹೋದರು.

ಮಾರನೆಯ ದಿನ ದಫೇದಾರ್ ಕಲ್ಲೇಶಪ್ಪ ಖಾಕಿ ಪ್ಯಾಂಟಿಗೆ ಬಂದ. ಅದೃಷ್ಟಕ್ಕೆ ಅದು ಸಿದ್ಧವಾಗಿತ್ತು. ಪ್ಯಾಂಟು ಮಡಿಸಿ ಬಗಲಿಗೆ ಇಟ್ಟುಕೊಳ್ಳುತ್ತಾ ಕಲ್ಲೇಶಪ್ಪ, ಪ್ರಪಂಚದ ಎಲ್ಲ ಗಿರಾಕಿಗಳೂ ಎಲ್ಲ ಟೈಲರುಗಳನ್ನೂ ಕೇಳುವ ಪ್ರಶ್ನೆಯನ್ನು ಕೇಳಿದ.

“ಬಟ್ಟೆ ಏನಾದ್ರೂ ಉಳೀತೇನಯ್ಯಾ?”

ಇದಕ್ಕೆ ಎಲ್ಲ ಟೈಲರುಗಳೂ ಕೊಡುವ ಉತ್ತರ, ‘ಎಲ್ಲಿ ಸಾರ್, ಒಂದು ಗೇಣು ಕಮ್ಮಿನೇ ಬಿತ್ತು’ ಎಂಬುದು. ಇನ್ನಾಸಪ್ಪ ಕಣ್ಣು ಮುಚ್ಚಿಕೊಂಡು, “ಉಳೀತು ಸಾರ್. ಮುಕ್ಕಾಲು ಮೀಟರು,” ಎಂದು ಮೇಜಿನ ಕೆಳಗಿನಿಂದ ತುಂಡನ್ನು ತೆಗೆದು ಕೊಟ್ಟ.

ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ, ಕೇಳಿದ ತಕ್ಷಣ ಮಾಲು ತಂದೊಪ್ಪಿಸಿದವನನ್ನು ಕಲ್ಲೇಶಪ್ಪ ಕಂಡಿರಲಿಲ್ಲ. ಸಣ್ಣ ಮಾಲು ಇಷ್ಟು ಸುಲಭವಾಗಿ ಒಪ್ಪಿಸುವವನು ಯಾವುದೋ ದೊಡ್ಡ ಮಾಲನ್ನು ಬಚ್ಚಿಟ್ಟಿರಬೇಕು ಎಂದು ಅವನ ಅನುಭವ ಹೇಳಿತು. ಕುರ್ಚಿ ಎಳೆದುಕೊಂಡು ಕೂತ.

“ಹೋದ ವರ್ಷದ ಪ್ಯಾಂಟಲ್ಲೂ ಉಳಿದಿತ್ತಾ?”

“ಉಳಿದಿತ್ತು ಸಾರ್.”

“ಅದರ ಹಿಂದಿನ ವರ್ಷ?”

“ಅದರಲ್ಲೂ ಉಳಿದಿತ್ತು.”

“ಅವೆಲ್ಲ ಎಲ್ಲಿ?”

“ನಮ್ಮನೆ ಕೌದೀಲಿ, ಸಾರ್.”

ಕಲ್ಲೇಶಪ್ಪ ಜೇಬಿನಿಂದ ನೋಟ್‌ಬುಕ್ ತೆಗೆದ. ಅವನು ಇನ್ನಾಸಪ್ಪನನ್ನು ಮುಂದಿಟ್ಟುಕೊಂಡು ಅವನ ಮನೆಯ ಕಡೆ ಹೊರಟಾಗ ಹಿಂದೆ ಜನ ಸೇರುತ್ತಾ ಹೋದರು. ವಿಮಲಮ್ಮನವರೂ ಸ್ಕೂಲಿನ ಮಧ್ಯಾಹ್ನದ ಬೆಲ್ಲು ಹೊಡೆಸಿ ಬಂದರು.

ಕೌದಿಯನ್ನು ಲೂರ್ದಮ್ಮ ಅಂದೇ ಒಗೆದು ಬೇಲಿಯ ಮೇಲೆ ಹರವಿದ್ದಳು. ಹದಿನೇಳು ವರ್ಷದ ತರೀಕೆರೆ ಅಲ್ಲಿ ಬಿಸಿಲಿಗೆ ಒಣಗುತ್ತಿತ್ತು. ಶಾಲೆ ಮಕ್ಕಳ ನೀಲಿ, ಪೊಲೀಸರ ಖಾಕಿ, ಲಾಯರುಗಳ ಕಪ್ಪು, ಮದುವೆ ರೇಷ್ಮೆ, ನಾಟಕದ ಕಂಪನಿಯ ಜರಿ, ಯಾವುದೂ ತಪ್ಪಿರಲಿಲ್ಲ. ಜನ ಮುಗಿಬಿದ್ದು ತಂತಮ್ಮ ಬಟ್ಟೆ ಗುರುತಿಸತೊಡಗಿದರು.

“ಅಯ್ಯೋ, ಇದು ನನ್ನ ಸೀಮಂತದ ಬ್ಲೌಸು!” ಅಂದರು ವಿಮಲಮ್ಮ. “ತೋಳು ಗಿಡ್ಡ ಆಯ್ತಲ್ಲೋ ಅಂದಿದ್ದಕ್ಕೆ ಬಟ್ಟೆ ಸಾಲ್ದೇ ಹೋಯ್ತು ಅಂದಿದ್ದೆ!”

“ಹೌದು ಟೀಚರಮ್ಮ, ಅಂದಿದ್ದೆ,” ಅಂದ ಇನ್ನಾಸಪ್ಪ.

ಪಕ್ಕದ ಬೀದಿಯ ಮುದುಕಿ ತೀರ್ಥಮ್ಮ ಮಾತ್ರ ಒಂದು ಬೂದು ಬಣ್ಣದ ಚೌಕದ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದಳು. ಅದು ತೀರಿಹೋದ ಅವಳ ಯಜಮಾನರ ಕೋಟಿನ ಬಟ್ಟೆ. ಕೋಟು ಎಂದೋ ಹೋಗಿತ್ತು. ತುಂಡು ಇಲ್ಲಿತ್ತು. ಸ್ವಲ್ಪ ಹೊತ್ತು ಅದನ್ನು ಸವರಿ, ಏನೂ ಕೇಳದೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು.

ಲೂರ್ದಮ್ಮ ಒಳಗಿನಿಂದ ದೊಡ್ಡ ಕತ್ತರಿ ತಂದು ಮನೆಯ ಜಗಲಿಯ ಮೇಲಿಟ್ಟಳು.

“ಯಾರ್ಯಾರ್ದು ಯಾವ್ಯಾವ್ದು ಅಂತ ನೋಡ್ಕೊಂಡು ಬಿಚ್ಕೊಂಡು ಹೋಗ್ರಪ್ಪಾ. ಹೊಲಿದಿರೋದು ನಾನು. ದಾರ ಮಾತ್ರ ನಂದು, ಅದನ್ನ ಬಿಟ್ಟು ಹೋಗಿ.”

ಕತ್ತರಿಗೆ ಯಾರೂ ಕೈ ಹಾಕಲಿಲ್ಲ. ಕಲ್ಲೇಶಪ್ಪ ‘ಕೌದಿ ಒಂದು, ಬಣ್ಣ ಹಲವು’ ಎಂದು ಬರೆದುಕೊಂಡು ಜನರನ್ನು ಚದುರಿಸಿದ. ಆದರೆ ಆವತ್ತಿನಿಂದ ದಿನಕ್ಕೆರಡು ಸಲ ಸೈಕಲ್ಲಿನಲ್ಲಿ ಜಗಲಿಯ ಮುಂದೆ ಹಾದುಹೋಗುತ್ತಾ ಇನ್ನಾಸಪ್ಪನನ್ನು ಓರೆಗಣ್ಣಿನಿಂದ ನೋಡತೊಡಗಿದ.

ಮೂರನೆಯ ಅನಾಹುತ ಮಲ್ಲಿಕಾರ್ಜುನಯ್ಯನವರ ಅಂಗಡಿಯ ಒಳಗೇ ಆಯಿತು. ಲಕ್ಕವಳ್ಳಿಯ ಒಬ್ಬ ರೈತ ಅಂಗಿ ಬಟ್ಟೆ ಆರಿಸಿ, ಕೊಳ್ಳುವ ಮುಂಚೆ ಜಗಲಿಯ ಕಡೆ ತಿರುಗಿ, “ಟೈಲ್ರೇ, ಇದು ಒಗೆದ್ರೆ ಕುಗ್ಗತ್ತಾ?” ಎಂದು ಕೇಳಿದ.

“ಕುಗ್ಗತ್ತೆ,” ಅಂದ ಇನ್ನಾಸಪ್ಪ. “ಎರಡನೇ ಒಗೆತಕ್ಕೆ ಬಣ್ಣನೂ ಹೋಗತ್ತೆ.”

ಮಲ್ಲಿಕಾರ್ಜುನಯ್ಯನವರು ಗಾದಿಯಿಂದ ಇಳಿದು ಜಗಲಿಗೆ ಬಂದರು. ಅವರು ಗಾದಿಯಿಂದ ಇಳಿಯುವುದು ಊಟಕ್ಕೆ, ಪೂಜೆಗೆ ಮಾತ್ರ.

“ಯಾರು ನಿನ್ನ ಕೊಂಡ್ಕೊಂಡಿರೋದು?”

“ಯಾರೂ ಇಲ್ಲ ಸಾವ್ಕಾರ್ರೇ.”

“ಬಸ್ ಸ್ಟ್ಯಾಂಡ್ ಹತ್ರ ಹೊಸದಾಗಿ ರೆಡಿಮೇಡ್ ಅಂಗಡಿ ಆಗಿದೆ. ಸಂಕ್ರಾಂತಿಗೆ ಅವರು ಬಾಗಿಲು ತೆಗುದ್ರು, ಈಗ ನೀನು ನನ್ನ ಬಟ್ಟೆ ಕುಗ್ಗತ್ತೆ ಅಂತೀಯ. ನಂಗೇನು ಅರ್ಥ ಆಗಲ್ವಾ?”

“ಬಟ್ಟೆ ಕುಗ್ಗೋದಂತೂ ನಿಜ ಅಲ್ವಾ?”

“ನಿಜ ಕಣೋ! ನಿಜ ಅಂತ ನಂಗೂ ಗೊತ್ತು! ಹದಿನೇಳು ವರ್ಷ ನೀನು ನಿಜ ಹೇಳಿದ್ಯಾ? ಈಗ ಯಾಕ್ ಹೇಳ್ತಿದೀಯ, ಅದನ್ನ ಹೇಳು!”

ಅದನ್ನೇ ಇನ್ನಾಸಪ್ಪ ಹೇಳುವ ಹಾಗಿರಲಿಲ್ಲ. ಸುಮ್ಮನೆ ತಲೆ ತಗ್ಗಿಸಿದ. ಮಲ್ಲಿಕಾರ್ಜುನಯ್ಯನವರಿಗೆ ಆ ಮೌನವೇ ಸಾಕ್ಷಿಯಾಯಿತು. “ಯುಗಾದಿಯೊಳಗೆ ಮಿಷನ್ ಎತ್ತು,” ಎಂದು ಹೇಳಿ ಗಾದಿಗೆ ಮರಳಿದರು.

ಊರಿನಲ್ಲಿ ಬಗೆಬಗೆಯ ಮಾತು ಹುಟ್ಟಿಕೊಂಡಿತು. ಇನ್ನಾಸಪ್ಪ ಬೊಂಬಾಯಿಗೆ ಓಡಿಹೋಗುವ ತಯಾರಿಯಲ್ಲಿದ್ದಾನೆ ಎಂದರು. ಇಲ್ಲ, ಸರ್ಕಾರದವರು ಜನರ ಗುಟ್ಟು ತಿಳಿಯಲು ಟೈಲರುಗಳನ್ನು ನೇಮಿಸಿಕೊಂಡಿದ್ದಾರೆ ಎಂದರು. ಎದುರಿನ ಅಂಗಡಿಯಲ್ಲಿ ಬೀಗ, ಛತ್ರಿ ರಿಪೇರಿ ಮಾಡುವ ಸನಾವುಲ್ಲಾನದು ಬೇರೆಯೇ ಊಹೆ. ಅವನು ಒಂದು ಮಧ್ಯಾಹ್ನ ಅಂಗಡಿ ಮುಚ್ಚಿಕೊಂಡು ಒಂದು ಡಜನ್ ಬಾಳೆಹಣ್ಣಿನ ಜೊತೆ ಲೂರ್ದಮ್ಮನನ್ನು ನೋಡಲು ಬಂದ.

“ಭಾಬಿ, ನನ್ನ ಹತ್ರ ಮುಚ್ಚಿಡಬ್ಯಾಡಿ. ಡಾಕ್ಟ್ರು ಎಷ್ಟು ದಿನ ಅಂದಾರೆ?”

“ಏನ್ ಎಷ್ಟು ದಿನ?”

“ಇನ್ನಾಸ್ ಭಾಯ್‌ದು. ನಮ್ ಚಾಚಾನೂ ಹೋಗೋ ಮುಂಚೆ ಹಿಂಗೇ ಎಲ್ಲಾ ನಿಜ ಹೇಳಾಕ್ ಶುರು ಮಾಡಿದ್ರು.”

ಲೂರ್ದಮ್ಮ ನಕ್ಕು, ಕಾಫಿ ಕೊಟ್ಟು, ಬಾಳೆಹಣ್ಣನ್ನು ಇಟ್ಟುಕೊಂಡು ಕಳಿಸಿದಳು. ಅವಳು ನಕ್ಕದ್ದರಿಂದ ಸನಾವುಲ್ಲಾನಿಗೆ ಕಾಯಿಲೆ ಇನ್ನೂ ದೊಡ್ಡದು ಎಂದು ಖಾತ್ರಿಯಾಯಿತು.

ಈ ಸುದ್ದಿ ಬಸ್ಸಿನಲ್ಲಿ ಅಜ್ಜಂಪುರಕ್ಕೂ ಹೋಯಿತು. ಹೋದ ಎರಡನೆಯ ದಿನ ಅಜ್ಜಂಪುರದ ಈರುಳ್ಳಿ ವ್ಯಾಪಾರಿ ಜಯದೇವಪ್ಪನವರು ಬೆವರುತ್ತಾ ಜಗಲಿ ಹತ್ತಿದರು. ಅವರ ಮಗ ಪಂಚಾಕ್ಷರಿಗೆ ಹಿರೇನಲ್ಲೂರಿನ ದೇವೀರಪ್ಪನವರ ಮಗಳು ಗೊತ್ತಾಗಿದ್ದಳು. ಯುಗಾದಿಗೆ ಎಂಟು ದಿನ ಮುಂಚೆ ತರೀಕೆರೆಯಲ್ಲೇ ಮದುವೆ. ಆರತಕ್ಷತೆಗೆ ಹುಡುಗನಿಗೆ ಸೂಟು ಹೊಲಿಯುವ ಕೆಲಸ ಇನ್ನಾಸಪ್ಪನದು.

“ಸೂಟಿಗೆ ಬರಲಿಲ್ಲ ಕಣೋ,” ಅಂದರು ಜಯದೇವಪ್ಪ, ಸುತ್ತ ನೋಡಿ ದನಿ ತಗ್ಗಿಸಿ. “ನೀನು ಯಾರು ಏನ್ ಕೇಳಿದ್ರೂ ನಿಜ ಹೇಳ್ತೀಯಂತೆ, ಹೌದಾ?”

“ಹೌದು ಯಜಮಾನ್ರೇ.”

“ನಮ್ ಹುಡುಗನ ಕಾಲಿನ ವಿಷ್ಯ?”

ಪಂಚಾಕ್ಷರಿ ಹುಡುಗನಾಗಿದ್ದಾಗ ಗೋದಾಮಿನ ಅಟ್ಟದಿಂದ ಬಿದ್ದಿದ್ದ. ಎಡಗಾಲು ಒಂದೂವರೆ ಇಂಚು ಗಿಡ್ಡ. ಎಡಗಡೆಯ ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿಕೊಂಡು ನಿಧಾನವಾಗಿ ನಡೆದರೆ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಹೆಣ್ಣು ನೋಡಲು ಹೋದಾಗ ಜಯದೇವಪ್ಪನವರು ಮಗನನ್ನು ಮೊದಲೇ ಕೂರಿಸಿ, ಕೊನೆಗೆ ಎಬ್ಬಿಸಿದ್ದರು. ಈ ಗುಟ್ಟು ಮನೆಯವರನ್ನು ಬಿಟ್ಟರೆ ಗೊತ್ತಿದ್ದದ್ದು ಪ್ಯಾಂಟಿನ ಅಳತೆ ತೆಗೆದ ಇನ್ನಾಸಪ್ಪನಿಗೆ.

“ಇದೇ ಕಾರಣಕ್ಕೆ ಎರಡು ಸಂಬಂಧ ತಪ್ಪಿಹೋಗಿದಾವೆ ಕಣೋ. ಯಾರಾದ್ರೂ ಕೇಳಿದ್ರೆ ಎರಡು ಕಾಲೂ ಸಮ ಇದಾವೆ ಅಂತ ಹೇಳ್ಬೇಕು. ಭಾಷೆ ಕೊಡು.”

“ಅದೊಂದು ಆಗಲ್ಲ ಯಜಮಾನ್ರೇ.”

“ಯಾಕ್ ಆಗಲ್ಲ? ಹೋದ ತಿಂಗಳು ನಂಗೇ ಮೂರು ಸಲ ಸುಳ್ಳು ಹೇಳಿದೀಯ!”

ಇನ್ನಾಸಪ್ಪ ಆ ಸಂಜೆಯೇ ಫಾದರ್ ಹತ್ತಿರ ಓಡಿದ. ಅವರು ಚರ್ಚಿನ ಹಿಂದೆ ಬದನೆ ಗಿಡಕ್ಕೆ ನೀರು ಹಾಕುತ್ತಿದ್ದರು. ಹೆಸರು ಹೇಳದೆ ವಿಷಯವನ್ನೆಲ್ಲ ಒಪ್ಪಿಸಿದ.

“ಸುಳ್ಳು ಬಿಡು ಅಂದ್ರೆ ಬಾಯಿ ಬಿಡು ಅಂತ ಅಲ್ಲಪ್ಪಾ,” ಅಂದರು ಫಾದರ್. “ಇನ್ನೊಬ್ಬರ ಅಳತೆ ನಿನ್ನ ಬಾಯಿಂದ ಯಾಕೆ ಬರಬೇಕು? ಸುಮ್ಮನಿದ್ದುಬಿಡು.”

ಸುಮ್ಮನಿರುವುದು ಅಷ್ಟು ಸುಲಭವೇ? ಅದು ತಿಳಿದದ್ದು ಮುಂದಿನ ಸೋಮವಾರ, ಪಂಚಾಕ್ಷರಿ ಸೂಟು ಹಾಕಿ ನೋಡಲು ಬರಬೇಕಾಗಿದ್ದ ದಿನ. ಅವನ ಬಸ್ಸಿಗೆ ಮೊದಲೇ ಕಡೂರಿನ ಕಡೆಯ ಬಸ್ಸು ಬಂತು. ಅದರಿಂದ ಇಳಿದ ದೇವೀರಪ್ಪನವರು ನೇರವಾಗಿ ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತರು. ಎತ್ತರದ ಆಸಾಮಿ. ಮಾತು ಕಡಿಮೆ, ಅನುಮಾನ ಹೆಚ್ಚು. ಎತ್ತು ಕೊಳ್ಳುವಾಗ ಅದರ ಹಲ್ಲನ್ನು ಮೂರು ಸಲ ಎಣಿಸುವವರು.

“ನೀನೇ ಏನಪ್ಪಾ ಸುಳ್ಳು ಹೇಳದ ಟೈಲರು?”

ಇನ್ನಾಸಪ್ಪ ತಲೆಯಾಡಿಸಿದ.

“ನಾನು ಪಂಚಾಕ್ಷರಿಯ ಮಾವ ಆಗೋನು. ಹುಡುಗ ನೋಡಕ್ಕೆ ಚೆನ್ನಾಗಿದಾನೆ, ಓದಿದಾನೆ, ಎಲ್ಲಾ ಸರಿ. ಆದ್ರೆ ನಾವು ಹೋದಾಗೆಲ್ಲ ಕೂತೇ ಇರ್ತಾನೆ. ನಮ್ಮನೆಗೆ ಬಂದ್ರೂ ಕೂತೇ ಇದ್ದ. ನೀನು ಅಳತೆ ತಗೊಂಡಿದೀಯ. ಹುಡುಗನ ಮೈಯಲ್ಲಿ ಊನ ಏನಾದ್ರೂ ಐತಾ?”

ಇನ್ನಾಸಪ್ಪ ಡಬ್ಬಿಗೆ ಕೈ ಹಾಕಿ, ಒಂದು ಹಿಡಿ ಗುಂಡುಸೂಜಿ ತೆಗೆದು, ಎಲ್ಲವನ್ನೂ ತುಟಿಗಳ ಮಧ್ಯೆ ಕಚ್ಚಿಕೊಂಡ. ಕೆಲಸದಲ್ಲಿರುವ ಟೈಲರನ ಬಾಯಲ್ಲಿ ಸೂಜಿಯಿರುವುದು ಸಹಜ. ಹನ್ನೆರಡು ಸೂಜಿ ಇರುವುದು ಸಹಜವಲ್ಲ.

“ಕೇಳಿಸ್ತಾ?”

“ಮ್.”

“ಐತಾ, ಇಲ್ವಾ?”

“ಮ್ಮ್.”

ದೇವೀರಪ್ಪನವರ ಹುಬ್ಬು ಮೇಲೆ ಹೋಯಿತು. ಒಳಗೆ ಗಾದಿಯ ಮೇಲೆ ಮಲ್ಲಿಕಾರ್ಜುನಯ್ಯನವರು ಕಿವಿ ನಿಮಿರಿಸಿದರು. ಎದುರಿನಿಂದ ಸನಾವುಲ್ಲಾ ಕೈಯಲ್ಲಿ ಅರ್ಧ ಬಿಚ್ಚಿದ ಛತ್ರಿಯೊಂದಿಗೆ ಬಂದು ನಿಂತ. ಹಾದುಹೋಗುತ್ತಿದ್ದ ಕಲ್ಲೇಶಪ್ಪ ಸೈಕಲ್ಲಿನಿಂದ ಒಂದು ಕಾಲು ಕೆಳಗಿಟ್ಟ.

ಅದೇ ಸಮಯಕ್ಕೆ ಅಜ್ಜಂಪುರದ ಬಸ್ಸೂ ಬಂದಿತು. ಜಯದೇವಪ್ಪ ಮುಂದೆ, ಪಂಚಾಕ್ಷರಿ ಹಿಂದೆ ನಿಧಾನವಾಗಿ. ಬೆಂಚಿನ ಮೇಲೆ ಬೀಗರನ್ನು ಕಂಡ ಜಯದೇವಪ್ಪನವರು ಮಗನಿಗೆ ಅಡ್ಡವಾಗಿ ನಿಂತರು.

“ಓಹೋಹೋ, ಬೀಗ್ರು! ಏನು ಈ ಕಡೆ?”

“ಸೂಟು ನೋಡಾಣ ಅಂತ ಬಂದೆ,” ಅಂದರು ದೇವೀರಪ್ಪ. ಎದ್ದು, ಮೊಳೆಗೆ ನೇತುಹಾಕಿದ್ದ ಪ್ಯಾಂಟನ್ನು ತಾವೇ ತೆಗೆದರು. ಸೊಂಟದ ಕಡೆ ಹಿಡಿದು, ಕಾಲಿಗೆ ಕಾಲು ಹೊಂದಿಸಿ, ಮೇಲಕ್ಕೆತ್ತಿದರು.

ಎಡಗಾಲು ಒಂದೂವರೆ ಇಂಚು ಮೇಲೆ ನಿಂತಿತ್ತು.

ವ್ಯಾಪಾರದಲ್ಲಿ ಪಳಗಿದ ಜಯದೇವಪ್ಪನವರ ತಲೆ ಕೆಲಸ ಮಾಡಿತು. ಒಂದೇ ನೆಗೆತಕ್ಕೆ ಇನ್ನಾಸಪ್ಪನ ಮುಂದೆ ಬಂದು ಮೇಜು ಗುದ್ದಿದರು.

“ಏನಯ್ಯಾ ಇದು? ಒಂದು ಕಾಲು ಗಿಡ್ಡ ಹೊಲಿದಿದೀಯಲ್ಲೋ! ಕಣ್ಣಿರಲಿಲ್ವಾ? ಇಷ್ಟು ಒಳ್ಳೆ ಬಟ್ಟೆ ಹಾಳು ಮಾಡ್ಬಿಟ್ಯಲ್ಲ! ತಪ್ಪಾಯ್ತು ಅಂತ ಒಪ್ಕೋ! ಎಲ್ರ ಮುಂದೇನೇ ಒಪ್ಕೋ!”

ಬಾಯಿ ಬೈಯುತ್ತಿತ್ತು. ಕಣ್ಣು ಬೇಡುತ್ತಿತ್ತು. ‘ಒಂದೇ ಮಾತು ಅಂದುಬಿಡಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ’ ಎಂದು ಆ ಕಣ್ಣುಗಳು ಹೇಳುತ್ತಿದ್ದವು.

ಇನ್ನಾಸಪ್ಪ ಪಂಚಾಕ್ಷರಿಯ ಕಡೆ ನೋಡಿದ. ಹುಡುಗ ಜಗಲಿಯ ಕಂಬ ಹಿಡಿದುಕೊಂಡು ನಿಂತಿದ್ದ. ಕಿವಿಗಳು ಕೆಂಪಗಾಗಿದ್ದವು. ಇನ್ನಾಸಪ್ಪ ಹದಿನೇಳು ವರ್ಷ ತನ್ನ ಅನುಕೂಲಕ್ಕೆ ಸಾವಿರಾರು ಸುಳ್ಳು ಹೇಳಿದ್ದ. ಇದೊಂದು ಬೇರೆಯವರ ಸಲುವಾಗಿ. ತಪ್ಪಾಯಿತು ಅಂದರೆ ಹೋಗುವುದು ತನ್ನ ಹೆಸರು, ಉಳಿಯುವುದು ಒಂದು ಮದುವೆ. ತಪಸ್ಸು ಮುರಿದರೆ ಮುರಿಯಲಿ, ದೇವರ ಹತ್ತಿರ ಆಮೇಲೆ ಮಾತಾಡಿಕೊಳ್ಳೋಣ ಎಂದು ನಿಶ್ಚಯಿಸಿ ಬಾಯಿ ತೆರೆದ.

“ಹೌದು, ತಪ್ಪು ನಂ—”

ಬಾಯಲ್ಲಿ ಹನ್ನೆರಡು ಗುಂಡುಸೂಜಿಗಳಿರುವುದನ್ನು ಅವನು ಮರೆತಿದ್ದ. ಒಂದು ಸೀದಾ ನಾಲಿಗೆಗೆ ಚುಚ್ಚಿತು. ‘ಅಯ್ಯಯ್ಯೋ’ ಎಂದು ಉಗುಳಿದ. ಸೂಜಿಗಳು ದಿಕ್ಕುದಿಕ್ಕಿಗೆ ಹಾರಿದವು. ಒಂದು ಕಲ್ಲೇಶಪ್ಪನ ಟೋಪಿಯ ಮೇಲೆ ಬಿತ್ತು. ಸನಾವುಲ್ಲಾ ಛತ್ರಿ ಬಿಚ್ಚಿ ಹಿಡಿದುಕೊಂಡ. ಇನ್ನಾಸಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತುಬಿಟ್ಟ.

ಆ ಗದ್ದಲದ ಮಧ್ಯೆ ಯಾರೋ, “ಅವರ ಹೊಲಿಗೆ ಸರಿಯಾಗೇ ಇದೆ,” ಅಂದರು.

ಪಂಚಾಕ್ಷರಿ ಕಂಬ ಬಿಟ್ಟು ಮುಂದಕ್ಕೆ ಬಂದ. ಚಪ್ಪಲಿಯನ್ನು ಬಿಟ್ಟು, ಬರಿಗಾಲಲ್ಲಿ, ಕುಂಟುತ್ತಾ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದ. ನಡೆದು ದೇವೀರಪ್ಪನವರ ಎದುರು ನಿಂತ.

“ಗಿಡ್ಡ ಇರೋದು ಪ್ಯಾಂಟಲ್ಲ. ನನ್ನ ಕಾಲು. ಒಂದೂವರೆ ಇಂಚು. ಅವತ್ತೇ ಹೇಳ್ಬೇಕಾಗಿತ್ತು. ಅಪ್ಪಾಜಿ ಬೇಡ ಅಂದ್ರು, ನಾನೂ ಸುಮ್ನಾದೆ. ಅದು ನನ್ನ ತಪ್ಪು. ಅವರ್ದಲ್ಲ.”

ಜಯದೇವಪ್ಪನವರು ಬೆಂಚಿನ ಮೇಲೆ ಕುಸಿದರು. ದೇವೀರಪ್ಪನವರು ಪ್ಯಾಂಟನ್ನು ನಿಧಾನವಾಗಿ ಮಡಿಸಿ, ಮೇಜಿನ ಮೇಲಿಟ್ಟು, ಕಡೂರಿನ ಬಸ್ಸು ಹತ್ತಿ ಹೋದರು.

ಮೂರು ದಿನ ಹಿರೇನಲ್ಲೂರಿನಿಂದ ಸುದ್ದಿಯಿಲ್ಲ. ಜಯದೇವಪ್ಪನವರು ಎರಡು ಸಲ ಬಂದು, ಮದುವೆ ಮುರಿದರೆ ಮಿಷನ್ನನ್ನು ಭದ್ರಾ ಕಾಲುವೆಗೆ ಎಸೆಯುವುದಾಗಿ ಹೇಳಿ ಹೋದರು. ನಾಲಿಗೆ ಊದಿಕೊಂಡಿದ್ದರಿಂದ ಇನ್ನಾಸಪ್ಪನಿಗೆ ಸುಳ್ಳಾಗಲಿ ನಿಜವಾಗಲಿ ಹೇಳುವ ಸ್ಥಿತಿ ಇರಲಿಲ್ಲ. ಅವನು ಗಂಜಿ ಕುಡಿದುಕೊಂಡು ಸೂಟಿಗೆ ಗುಂಡಿಯ ಕಾಜಾ ಹಾಕುತ್ತಾ ಕೂತ.

“ಮದ್ವೆನೇ ಇಲ್ದೆ ಸೂಟು ಯಾಕೋ?” ಅಂದರು ಮಲ್ಲಿಕಾರ್ಜುನಯ್ಯ.

“ಗುರುವಾರ ಕೊಡ್ತೀನಿ ಅಂದಿದೀನಿ,” ಅಂದ ಇನ್ನಾಸಪ್ಪ ತೊದಲುತ್ತಾ.

ಗುರುವಾರ ಮಧ್ಯಾಹ್ನ ದೇವೀರಪ್ಪನವರು ಬಂದರು. ಜೊತೆಗೆ ಮಗಳು ಮಲ್ಲಿಕಾಂಬ, ಕೈಯಲ್ಲಿ ಬ್ಲೌಸಿನ ಬಟ್ಟೆ. ಬೀದಿ ಮತ್ತೆ ನಿಂತಿತು. ದೇವೀರಪ್ಪನವರು ಬೆಂಚಿನ ಮೇಲೆ ಕೂತು, ತಮಗೇ ಇನ್ನೂ ಪೂರ್ತಿ ನಂಬಿಕೆ ಬಾರದವರ ಹಾಗೆ ಹೇಳಿದರು.

“ಮನೆಗೆ ಹೋಗಿ, ಹಿಂಗಿಂಗೆ ಆಯ್ತು, ಸಂಬಂಧ ಬೇಡ ಅಂದೆ. ಇವಳು ನಗ್ತಾಳೆ ಕಣ್ರೀ!”

“ನಂಗೆ ಮೊದ್ಲೇ ಗೊತ್ತಿತ್ತಪ್ಪಾಜಿ,” ಅಂದಳು ಮಲ್ಲಿಕಾಂಬ. “ಅವರು ನಮ್ಮನೆಗೆ ಬಂದಾಗ ಚಪ್ಪಲಿ ಬಾಗಿಲಲ್ಲಿ ಬಿಟ್ಟಿದ್ರು. ಒಂದರ ಅಟ್ಟೆ ದಪ್ಪ ಇತ್ತು. ನೀವೆಲ್ಲ ಹುಡುಗನ್ನ ನೋಡ್ತಿದ್ರಿ, ನಾನು ಚಪ್ಪಲಿ ನೋಡ್ದೆ. ನನ್ನ ಯಾರೂ ಕೇಳ್ಲೇ ಇಲ್ಲ.”

“ಮತ್ತೆ ನೀನಾದ್ರೂ ಹೇಳ್ಬಾರ್ದೇನೇ?”

“ಅವರೇ ಹೇಳ್ತಾರೇನೋ ನೋಡಾಣ ಅಂತಿದ್ದೆ. ಹೇಳಿದ್ರಂತಲ್ಲ.” ಅವಳು ಬಟ್ಟೆಯನ್ನು ಇನ್ನಾಸಪ್ಪನ ಮುಂದಿಟ್ಟಳು. “ಆರತಕ್ಷತೆಗೆ ಬೇಕು. ಆಗತ್ತಾ?”

ಇನ್ನಾಸಪ್ಪ ಮುಂದಿದ್ದ ಕೆಲಸವನ್ನೆಲ್ಲ ಎಣಿಸಿದ. “ಹಿಂದಿನ ದಿನ ಸಾಯಂಕಾಲ ಐದು ಗಂಟೆಗೆ, ಅಮ್ಮಾ. ಅದಕ್ಕೆ ಮುಂಚೆ ಆಗಲ್ಲ.”

ಐದು ಗಂಟೆಗೆ ಸಿದ್ಧವಾಗಿತ್ತು. ಮದುವೆ ಸಾಂಗವಾಗಿ ನಡೆಯಿತು. ಆರತಕ್ಷತೆಯಲ್ಲಿ ಪಂಚಾಕ್ಷರಿ ಸೂಟು ಹಾಕಿಕೊಂಡು, ಕೂರದೆ, ಇಡೀ ಸಂಜೆ ಬಂದವರನ್ನೆಲ್ಲ ನಡೆದೇ ಹೋಗಿ ಮಾತಾಡಿಸಿದ. ಜಯದೇವಪ್ಪನವರು ಇನ್ನಾಸಪ್ಪನ ಎಲೆಗೆ ತಾವೇ ಎರಡು ಹೋಳಿಗೆ ಬಡಿಸಿದರು. ಆದರೆ ಅಡಿಗೆ ಹೇಗಿದೆ ಎಂದು ಮಾತ್ರ ಕೇಳಲಿಲ್ಲ. ಆ ಪಂಕ್ತಿಯಲ್ಲಿ ಅವನನ್ನು ಯಾರೂ ಏನನ್ನೂ ಕೇಳಲಿಲ್ಲ. ಎಲ್ಲರೂ ಒಂದು ಎಲೆಯಷ್ಟು ದೂರ ಸರಿದು ಕೂತಿದ್ದರು.

ಅಂಗಡಿಯ ಕಥೆ ಬೇರೆ ದಾರಿ ಹಿಡಿಯಿತು. ಮದುವೆಗೆ ಬಂದಿದ್ದ ಮೂರು ತಾಲ್ಲೂಕಿನ ಜನ ಜವಳಿಗೆ ಅಲ್ಲಿಗೇ ಬರತೊಡಗಿದರು. ಬಟ್ಟೆ ಆರಿಸಿ, ಜಗಲಿಗೆ ತಂದು, “ಇದು ಹೆಂಗೈತ್ರೀ?” ಎಂದು ಇನ್ನಾಸಪ್ಪನನ್ನು ಕೇಳುವರು. ಅವನು ಚೆನ್ನಾಗಿದೆ ಅಂದದ್ದು ಸಂಜೆಯೊಳಗೆ ಖಾಲಿ. ಮಲ್ಲಿಕಾರ್ಜುನಯ್ಯನವರು ಕುಗ್ಗುವ ಬಟ್ಟೆಯನ್ನೆಲ್ಲ ಒಂದು ದಿನ ಸದ್ದಿಲ್ಲದೆ ಗಾಡಿಗೆ ಹೇರಿಸಿದರು. ಯುಗಾದಿ ಬಂತು, ಹೋಯಿತು, ಮಿಷನ್ನಿನ ಮಾತೇ ಬರಲಿಲ್ಲ. ಆದರೂ ಅವರಿಗೆ ನಿದ್ದೆ ಸರಿಯಾಗಿ ಹತ್ತುತ್ತಿರಲಿಲ್ಲ. ಇದರ ಹಿಂದೆ ಏನೋ ಇರಬೇಕು. ಏನದು?

ಈಸ್ಟರ್ ಕಳೆದ ಸೋಮವಾರ ಇನ್ನಾಸಪ್ಪ ಜಗಲಿ ಹತ್ತುವ ಹೊತ್ತಿಗೆ ಎಲ್ಲರೂ ಸೇರಿದ್ದರು. ಸನಾವುಲ್ಲಾ, ವಿಮಲಮ್ಮ, ನೋಟ್‌ಬುಕ್ಕಿನೊಂದಿಗೆ ಕಲ್ಲೇಶಪ್ಪ. ಮಲ್ಲಿಕಾರ್ಜುನಯ್ಯನವರು ಹೋಟೆಲಿನಿಂದ ಎಲ್ಲರಿಗೂ ಕಾಫಿ ತರಿಸಿ, ಮೊದಲನೆಯ ಲೋಟವನ್ನು ಇನ್ನಾಸಪ್ಪನ ಕೈಗೆ ಕೊಟ್ಟರು.

“ನೋಡಪ್ಪಾ, ಆಗಿದ್ದು ಆಯ್ತು. ನೀನು ನಮ್ಮವನು. ಯಾರೂ ನಿಂಗೇನೂ ಮಾಡಲ್ಲ. ರೆಡಿಮೇಡಿನವರು ಏನು ಆಸೆ ತೋರ್ಸಿದ್ರು?”

“ತಬಿಯತ್‌ದು ಆದ್ರೆ ಹೇಳ್ಬಿಡು ಭಾಯ್, ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ,” ಅಂದ ಸನಾವುಲ್ಲಾ.

“ಮೇಲಿನವರಿಂದ ಏನಾದ್ರೂ ಆರ್ಡರ್ ಬಂದಿತ್ತಾ?” ಅಂದ ಕಲ್ಲೇಶಪ್ಪ ಪೆನ್ಸಿಲ್ಲಿನ ತುದಿಯನ್ನು ನಾಲಿಗೆಗೆ ತಾಗಿಸುತ್ತಾ.

ತಪಸ್ಸು ಮುಗಿದಿತ್ತು. ಇನ್ನು ಹೇಳಿದರೆ ತಪ್ಪೇನಿಲ್ಲ. ಇನ್ನಾಸಪ್ಪ ಲೋಟವನ್ನು ಮಿಷನ್ನಿನ ಮೇಲಿಟ್ಟ. ಹೇಳಲು ಅವನಿಗೆ ಸ್ವಲ್ಪ ನಾಚಿಕೆಯಾಯಿತು.

“ಏನಿಲ್ಲ ಸಾವ್ಕಾರ್ರೇ. ಈಸ್ಟರಿಗೆ ಮುಂಚೆ ನಾವು ನಲವತ್ತು ದಿನ ದೇವರ ಹೆಸರಲ್ಲಿ ಏನಾದ್ರೂ ಬಿಡ್ತೀವಿ. ನಾನು ಈ ಸಲ ಸುಳ್ಳು ಬಿಟ್ಟಿದ್ದೆ. ಅರ್ಧ ಸುಳ್ಳು ಮಧ್ಯದಲ್ಲಿ ಬಂತು, ಅದನ್ನ ಫಾದರ್ ಹತ್ರ ಹೇಳ್ಕೊಂಡಿದೀನಿ. ಅಷ್ಟೇ.”

ವಿಮಲಮ್ಮ ಸನಾವುಲ್ಲಾನ ಮುಖ ನೋಡಿದರು. ಸನಾವುಲ್ಲಾ ಕಲ್ಲೇಶಪ್ಪನ ಮುಖ ನೋಡಿದ. ಕಲ್ಲೇಶಪ್ಪ ಏನೂ ಬರೆಯದೆ ನೋಟ್‌ಬುಕ್ ಮುಚ್ಚಿದ. ಮಲ್ಲಿಕಾರ್ಜುನಯ್ಯನವರು ನಿಟ್ಟುಸಿರು ಬಿಟ್ಟು, ಇನ್ನಾಸಪ್ಪನ ಭುಜದ ಮೇಲೆ ಕೈಯಿಟ್ಟರು. ದನಿಯಲ್ಲಿ ನಿಜವಾದ ನೋವಿತ್ತು.

“ಹೇಳಕ್ಕೆ ಇಷ್ಟ ಇಲ್ಲ ಅಂದ್ರೆ ಬಿಡಪ್ಪಾ, ಹೇಳಬೇಡ. ಸುಳ್ಳು ಯಾಕ್ ಹೇಳ್ತೀಯ?”